ನಾಲ್ಕು ಬೆರಳಿನ ಗಾಯ

ಮಾನ್ವಿಯ ಹಳೇ ಓಣಿಗಳಲ್ಲಿ ಶಹಜಾದಿ ಬೇಗಂ ಗೊತ್ತಿಲ್ಲದ ಮುಸಲ್ಮಾನರ ಮನೆಯಿಲ್ಲ. ಹಾಗೆಂದು ಆಕೆಯನ್ನು ಮದುವೆಗೆ, ತೊಟ್ಟಿಲಿಗೆ ಮುಂದಾಗಿ ಕರೆಯುವವರೂ ಇಲ್ಲ. ಆಕೆ ಅವಸರದಿಂದ ಒಂದು ಮನೆಯ ಹೊಸಿಲು ದಾಟಿದಳೆಂದರೆ ಅಲ್ಲಿ ಹೆಂಗಸೊಬ್ಬಳು ತೀರಿಕೊಂಡಿದ್ದಾಳೆಂದು ಓಣಿಯೇ ತಿಳಿದುಕೊಳ್ಳುತ್ತಿತ್ತು. ಸತ್ತ ಹೆಂಗಸರಿಗೆ ಕಡೆಯ ಸ್ನಾನ ಮಾಡಿಸಿ, ಬಿಳಿಯ ಕಫನ್ ಉಡಿಸಿ ಕಳಿಸುವುದು ಆಕೆ ಮೂವತ್ತು ವರ್ಷ ಮಾಡಿಕೊಂಡು ಬಂದ ಕೆಲಸ. ಗುಸುಲ್ ಎನ್ನುತ್ತಾರೆ ಅದಕ್ಕೆ. ಗಂಡಸಿಗೆ ಗಂಡಸರು, ಹೆಂಗಸಿಗೆ ಹೆಂಗಸರು ಮಾಡಿಸಬೇಕು. ಹತ್ತಿರದ ಸಂಬಂಧಿಕರೇ ಮಾಡಿಸಿದರೆ ಇನ್ನೂ ಒಳ್ಳೆಯದು ಎಂಬ ಮಾತಿದೆ. ಮಾತೇನೋ ಇದೆ. ಆದರೆ ಹೆತ್ತ ತಾಯಿಯ ತಣ್ಣಗಾದ ಕೈ ಹಿಡಿಯಲು ಮಗಳಿಗೆ ಧೈರ್ಯ ಬರುವುದಿಲ್ಲ, ಅತ್ತೆಯ ಹತ್ತಿರ ಸುಳಿಯಲು ಸೊಸೆಗೆ ಕಾಲು ಏಳುವುದಿಲ್ಲ. ಆಗ ಎಲ್ಲರಿಗೂ ಶಹಜಾದಿ ಬೇಗಂ ನೆನಪಾಗುತ್ತಿದ್ದಳು. ಕೂಲಿ ಇಲ್ಲ, ಉಡುಗೊರೆ ಇಲ್ಲ. ಆ ಮನೆಯ ಚಹಾ ಕೂಡ ಕುಡಿಯದೆ ಎದ್ದು ಬರುತ್ತಿದ್ದಳು.

ಗಂಡ ಅಮೀರ್ ಸಾಬ್ ಬಜಾರಿನಲ್ಲಿ ಹಗ್ಗ, ಜರಡಿ, ಕಸಬರಿಗೆ ಮಾರುವ ಮನುಷ್ಯ. ಹೆಂಡತಿ ಹಂಚಿನ ಮೇಲಿನ ರೊಟ್ಟಿ ಹಾಗೇ ಬಿಟ್ಟು ಹೊರಟಾಗ ಆತನಿಗೆ ಮೈ ಉರಿಯುತ್ತಿತ್ತು. “ಊರಿಗೆ ಉಪಕಾರಿ, ಮನೆಗೆ ಮಾರಿ ಅಂತ ನಿನ್ನ ನೋಡೇ ಹೇಳ್ಯಾರ,” ಎಂದು ಗೊಣಗುತ್ತಿದ್ದ. ಗೊಣಗಿದವನೇ ಕೊನೆಗೆ ಸೀದ ರೊಟ್ಟಿಯನ್ನು ತಾನೇ ತಿರುವಿ ಹಾಕಿಕೊಂಡು ತಿಂದು, ಆಕೆ ಮರಳುವಷ್ಟರಲ್ಲಿ ಬಚ್ಚಲಿಗೆ ನೀರು ಕಾಯಿಸಿ ಇಟ್ಟಿರುತ್ತಿದ್ದ. ಬಾಯಿ ಕೆಟ್ಟದ್ದು, ಮನಸ್ಸು ಕೆಟ್ಟದ್ದಲ್ಲ.

ಶಹಜಾದಿ ದೇವದುರ್ಗದಲ್ಲಿ ಹುಟ್ಟಿ ಮಾನ್ವಿಗೆ ಸೊಸೆಯಾಗಿ ಬಂದವಳು. ಈ ಕೆಲಸ ಕಲಿಸಿದವಳು ಎದುರು ಮನೆಯ ಮಾಬುಬೀ. ಮಾಬುಬೀ ಗಾದಿ ಹೊಲಿಯುವ ನದಾಫರ ಹೆಂಗಸು, ಮನೆಮಾತೇ ಕನ್ನಡ, ವಯಸ್ಸಿನಲ್ಲಿ ಶಹಜಾದಿಗಿಂತ ಹತ್ತು ಹನ್ನೆರಡು ವರ್ಷ ಹಿರಿಯಳು. ಒಂದು ಸಲ ಓಣಿಯ ಬಾಣಂತಿಯೊಬ್ಬಳು ತೀರಿಕೊಂಡಾಗ ಮಾಬುಬೀಗೆ ನೀರು ಹಾಕಿಕೊಡಲು ಯಾರೂ ಮುಂದೆ ಬರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಶಹಜಾದಿಯನ್ನು ನೋಡಿ ಆಕೆ, “ಬಾರವ್ವ, ಸತ್ತಾಕಿ ಏನೂ ಮಾಡಂಗಿಲ್ಲ. ಮಾಡೋರೆಲ್ಲ ಹೊರಗ ನಿಂತಾರ,” ಎಂದಳು. ಆ ಮಾತಿಗೆ ಶಹಜಾದಿ ನಕ್ಕುಬಿಟ್ಟಳು. ಹೆಣದ ಮನೆಯಲ್ಲಿ ನಕ್ಕದ್ದಕ್ಕೆ ನಾಚಿ ಒಳಗೆ ಹೋದವಳು ಮುಂದೆಂದೂ ಹೊರಗೆ ನಿಲ್ಲಲಿಲ್ಲ.

ಇಬ್ಬರೂ ಸೇರಿ ಎಷ್ಟು ಹೆಂಗಸರನ್ನು ಕಳಿಸಿಕೊಟ್ಟರೋ ಲೆಕ್ಕ ಇಟ್ಟವರಿಲ್ಲ. ಒಂದು ಮಧ್ಯಾಹ್ನ ಕೆಲಸ ಮುಗಿಸಿ ಬರುವಾಗ ಮಾಬುಬೀ ದಾರಿಯಲ್ಲೇ ನಿಂತು, “ನಾ ಮೊದಲ ಹೋದ್ರ ನನಗ ನೀನ ಮಾಡಿಸಬೇಕು. ನಿನ್ನ ಕೈಲೆ ಆಗಬೇಕು. ಬ್ಯಾರೆ ಯಾರನೂ ಮುಟ್ಟಾಕ ಬಿಡಬ್ಯಾಡ,” ಎಂದಳು. ಶಹಜಾದಿ ಆಕೆಯ ಅಂಗೈ ಮೇಲೆ ಕೈಯಿಟ್ಟು ಮಾತು ಕೊಟ್ಟಳು. ಬದುಕಿರುವವರಿಗೆ ಕೊಟ್ಟ ಮಾತನ್ನು ಹಿಂದೆ ಮುಂದೆ ಮಾಡಬಹುದು, ಕ್ಷಮಿಸು ಎಂದು ಕೇಳಲಾದರೂ ಬರುತ್ತದೆ. ಇದು ಅಂಥ ಮಾತಲ್ಲ ಎಂದು ಆಕೆಗೆ ಆಗಲೇ ಗೊತ್ತಿತ್ತು.

ಶಹಜಾದಿಯ ಎಡ ಸೊಂಟದ ನೋವು ಶುರುವಾದದ್ದು ತೊಡೆಯ ಸಂದಿನಲ್ಲಿ. ವಾಯು ಎಂದರು, ಎಣ್ಣೆ ತಿಕ್ಕಿದರು, ಬಿಸಿ ಇಟ್ಟಿಗೆ ಇಟ್ಟರು. ನೋವು ಮೊಣಕಾಲಿನವರೆಗೂ ಇಳಿಯಿತೇ ಹೊರತು ಹೋಗಲಿಲ್ಲ. ಚಪ್ಪಲಿ ಹಾಕಿಕೊಳ್ಳಲು ಬಾರದಾಯಿತು. ನಮಾಜಿಗೆ ಕೂತರೆ ಏಳಲಾಗದೆ ಸೊಸೆ ಯಾಸ್ಮೀನಳನ್ನು ಕೂಗಬೇಕಾಯಿತು. ಇಷ್ಟನ್ನೆಲ್ಲ ಆಕೆ ಹೇಗೋ ನುಂಗಿಕೊಂಡಳು. ನುಂಗಲಾರದೆ ಹೋದದ್ದು ಪಕ್ಕದ ಓಣಿಯ ಒಂದು ಗುಸುಲ್. ಮಾಬುಬೀ ಕಲಿಸಿದ ಪದ್ಧತಿಯಲ್ಲಿ ಹೆಣವನ್ನು ಮಲಗಿಸುವ ಮರದ ಹಲಗೆ ಇಟ್ಟಿಗೆಗಳ ಮೇಲೆ ತಗ್ಗಿನಲ್ಲಿರುತ್ತದೆ. ಸ್ನಾನ ಮಾಡಿಸುವವಳು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂರಬೇಕು. ಶಹಜಾದಿ ಕೂರುವಾಗ ಸೊಂಟದಲ್ಲಿ ಮಿಂಚು ಹೊಡೆದಂತಾಗಿ, ಕೈಯಲ್ಲಿದ್ದ ತಂಬಿಗೆ ಜಾರಿ ಸತ್ತವಳ ಎದೆಯ ಮೇಲೆ ಬಿತ್ತು. ನೋಡಿದ ಹೆಂಗಸರು ಏನೂ ಅನ್ನಲಿಲ್ಲ. ಅನ್ನದೆ ಇದ್ದದ್ದೇ ಆಕೆಗೆ ಚುಚ್ಚಿತು. ಆ ವೇಳೆಗೆ ಮಾಬುಬೀ ಉಸಿರಾಟದ ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದಳು.

“ಆಕಿ ಹೋಗೋದರೊಳಗ ನಾ ಬಾಗಬೇಕು,” ಎಂದು ಶಹಜಾದಿ ಗಂಡನಿಗೆ ಹೇಳಿದಳು. “ಎಲ್ಲಿಗರ ಕರಕೊಂಡು ಹೋಗು. ಕೊಯ್ಯಲಿ, ಕಡೀಲಿ, ನನಗ ಬಾಗಾಕ ಬಂದ್ರ ಸಾಕು.”

ಮಗ ಮುನ್ನಾ ತನ್ನ ಗೂಡ್ಸ್ ಆಟೋದ ಬಾಡಿಗೆ ಬಿಟ್ಟು ತಾಯಿಯನ್ನು ರಾಯಚೂರಿಗೆ ಕರೆದುಕೊಂಡು ಹೋದ. ಮೂಳೆಯ ಡಾಕ್ಟರು ಹದವಾಗಿ ಮಾತಾಡುವ ಮನುಷ್ಯ. ಮೇಜಿನ ಮೇಲಿದ್ದ ಪ್ಲಾಸ್ಟಿಕ್ ಎಲುಬುಗಳನ್ನು ಕೈಗೆತ್ತಿಕೊಂಡು ತೋರಿಸಿದರು. “ನೋಡ್ರಿ ಯವ್ವಾ, ತೊಡಿ ಎಲುಬಿನ ತುದೀಗೆ ಹಿಂಗೊಂದು ಗುಂಡು ಇರತದ. ಅದು ಸೊಂಟದಾಗಿನ ಈ ಬಟ್ಟಲದಾಗ ಕುಂತು ತಿರಗತದ. ನಡುವ ನುಣ್ಣನ ಪದರ ಇರತದ. ನಿಮ್ಮದು ಆ ಪದರ ಸವದು ಎಲುಬಿಗೆ ಎಲುಬು ತಿಕ್ಕಾಕತ್ತದ. ಸವದ ಗುಂಡು ತಗದು, ತೊಡಿ ಎಲುಬಿನೊಳಗ ಲೋಹದ ಕಡ್ಡಿ ಇಳಿಸಿ ಅದರ ಮ್ಯಾಲ ಹೊಸ ಗುಂಡು ಕುಂದ್ರಸ್ತೀವಿ. ಸೊಂಟಕ್ಕ ಹೊಸ ಬಟ್ಟಲ ಹಾಕ್ತೀವಿ.”

“ಎಷ್ಟು ಕೊಯ್ತೀರಿ?” ಶಹಜಾದಿಗೆ ಮೊದಲು ಬೇಕಾದದ್ದು ಅದು.

“ಮೊದಲ ಗೇಣಿಗಿಂತ ಉದ್ದ ಕೊಯ್ತಿದ್ವಿ. ಈಗ ನಿಮ್ಮಂಥವರಿಗೆ ನಾಲ್ಕು ಬೆರಳಷ್ಟು ಸಾಕು. ಸ್ನಾಯುಗಳನ್ನ ಆದಷ್ಟು ಕೊಯ್ಯಲಾರದ ಸರಿಸಿ ದಾರಿ ಮಾಡ್ಕೊಂತೀವಿ. ರಕ್ತ ಕಡಿಮಿ ಹೋಗತದ, ಮೊದಮೊದಲ ನೋವು ಕಡಿಮಿ, ಲಗೂ ಎದ್ದು ನಡೀತೀರಿ. ಇದು ಎಲ್ಲರಿಗೂ ಆಗಂಗಿಲ್ಲ. ನೀವು ತೆಳ್ಳಗ ಅದೀರಿ, ಎಲುಬು ಗಟ್ಟಿ ಅದ, ಅದಕ್ಕ ಆಗತದ.” ಡಾಕ್ಟರು ಎಲುಬುಗಳನ್ನು ಕೆಳಗಿಟ್ಟು ಆಕೆಯ ಮುಖ ನೋಡಿದರು. “ಆದರ ಒಂದು ಮಾತು ನೆನಪಿಡ್ರಿ. ಬಾಗಲ ಸಣ್ಣದಾದ್ರ ಒಳಗಿನ ಮನಿ ಸಣ್ಣದಾಗಂಗಿಲ್ಲ. ಒಳಗ ಮಾಡೋ ಕೆಲಸ ಅಷ್ಟ ದೊಡ್ಡದು. ನಂಜಾಗಬಹುದು, ಕಾಲಾಗ ರಕ್ತ ಹೆಪ್ಪುಗಟ್ಟಬಹುದು, ಗುಂಡು ಬಟ್ಟಲ ಬಿಟ್ಟು ಜಾರಬಹುದು. ಅಪರೂಪ, ಆದರ ಆಗತದ. ಮೂರು ತಿಂಗಳು ಬಾಗಂಗಿಲ್ಲ, ನೆಲದ ಮ್ಯಾಲ ಕುಂದ್ರಂಗಿಲ್ಲ. ಕುಕ್ಕರಗಾಲು ಆಮ್ಯಾಲೂ ಬ್ಯಾಡ ಅಂತೀನಿ.”

ಡಾಕ್ಟರು ಹೇಳಿದ್ದರಲ್ಲಿ ಮುಚ್ಚುಮರೆ ಇರಲಿಲ್ಲ. ಕೇಳಿದವಳ ಕಿವಿ ಮಾತ್ರ ತನಗೆ ಬೇಕಾದದ್ದನ್ನು ಆರಿಸಿಕೊಂಡಿತು. ಬಜಾರಿನವನ ಹೆಂಡತಿ ಆಕೆ. ನೂರು ಎಂದರೆ ಐವತ್ತಕ್ಕೆ ಇಳಿಯುವುದನ್ನು ದಿನಾ ಕಂಡವಳು. ಡಾಕ್ಟರು ಮೂರು ತಿಂಗಳು ಎಂದರೆ ಒಂದೂವರೆ ತಿಂಗಳು ಎಂದು ಅಲ್ಲೇ ಮನಸ್ಸಿನಲ್ಲಿ ಚೌಕಾಸಿ ಮುಗಿಸಿದಳು.

ಹೊರಡುವ ಮುನ್ನ ಇನ್ನೊಂದು ಕೇಳಿದಳು. “ಮಣ್ಣಿಗೆ ಹೋದ ಮ್ಯಾಲ ಎಲ್ಲಾ ಕರಗತದ. ಇದು ಕರಗತದೇನ್ರಿ?”

“ಇಲ್ಲ ಯವ್ವಾ, ಇದು ಉಳೀತದ.”

ಇಂಥ ಪ್ರಶ್ನೆಯನ್ನು ಆ ಡಾಕ್ಟರಿಗೆ ಬೇರೆ ಯಾವ ರೋಗಿಯೂ ಕೇಳಿರಲಿಕ್ಕಿಲ್ಲ. ಆಕೆ ತಲೆಯಾಡಿಸಿ, ಇರಲಿ, ಕೊಟ್ಟವನಿಗೆ ಲೆಕ್ಕ ಗೊತ್ತಿರುತ್ತದೆ ಎಂದುಕೊಂಡು ಹೊರಬಂದಳು.

ಆಪರೇಷನ್ ದಿನ ಬೆನ್ನಿಗೆ ಸೂಜಿ ಕೊಟ್ಟು ಸೊಂಟದ ಕೆಳಗೆ ಮೈ ಇಲ್ಲದಂತೆ ಮಾಡಿದರು. ಅರೆಮಂಪರಿನಲ್ಲಿ ಆಕೆಗೆ ಸುತ್ತಿಗೆಯ ಸದ್ದು ಕೇಳುತ್ತಿತ್ತು. ತನ್ನ ಮೈ ತನ್ನದಲ್ಲದಂತೆ ಬಿದ್ದುಕೊಂಡಿದೆ, ಯಾರೋ ತಿರುವುತ್ತಿದ್ದಾರೆ, ಒರೆಸುತ್ತಿದ್ದಾರೆ. ಇಷ್ಟು ವರ್ಷ ತನ್ನ ಕೈಕೆಳಗೆ ಮಲಗಿದವರಿಗೂ ಹೀಗೇ ಆಗಿರಬಹುದೇ ಎಂದು ಹೊಳೆದು ಆಕೆಗೆ ಭಯವಾಯಿತು. ಬಾಯಲ್ಲಿ ಕಲ್ಮಾ ಹೇಳಿಕೊಳ್ಳುತ್ತ ಕಣ್ಣು ಮುಚ್ಚಿದಳು.

ಮರುದಿನ ಕಾವ್ಯಾ ಎಂಬ ಫಿಸಿಯೋಥೆರಪಿ ಹುಡುಗಿ ಬಂದು ವಾಕರ್ ಹಿಡಿಸಿ ನಿಲ್ಲಿಸಿದಳು. ಶಹಜಾದಿ ನಿಂತಳು, ನಡೆದಳು. ಗಾಯ ಉರಿಯುತ್ತಿತ್ತು, ಆದರೆ ವರ್ಷಗಟ್ಟಲೆ ಒಳಗೆ ಕೂತು ಕಚ್ಚುತ್ತಿದ್ದ ಆ ಹಳೇ ನೋವು ಇರಲಿಲ್ಲ. ಆಕೆ ಅತ್ತಳು. ಕಾವ್ಯಾ ಹೆದರಿ, “ನೋವಾತೇನ್ರಿ?” ಎಂದರೆ, “ನೋವಿಲ್ಲಂತ ಅಳಾಕತ್ತೀನಿ,” ಎಂದಳು.

ಪಕ್ಕದ ಮಂಚದಲ್ಲಿ ದೇವದುರ್ಗದ ಕಡೆಯ ಮುದುಕಮ್ಮ ಎಂಬಾಕೆ ಇದ್ದಳು. ಹಿಂದೊಮ್ಮೆ ತೊಡೆ ಮುರಿದು ಸರಳು ಹಾಕಿಸಿಕೊಂಡಿದ್ದರಿಂದ ಆಕೆಗೆ ಸಣ್ಣ ಕೊಯ್ತ ಆಗುವಂತಿರಲಿಲ್ಲ. ಗೇಣುದ್ದದ ಗಾಯ, ಸಾಲು ಹೊಲಿಗೆ. ನರ್ಸ್ ಪಟ್ಟಿ ಬದಲಿಸುವಾಗ ಶಹಜಾದಿ ಎರಡನ್ನೂ ನೋಡಿ ಹೋಲಿಸಿದಳು. ಅಲ್ಲೇ ಆಕೆ ಎಡವಿದಳು, ಆ ತಪ್ಪನ್ನು ಆಕೆಯಂಥವಳು ಮಾತ್ರ ಮಾಡಲು ಸಾಧ್ಯ. ಮೂವತ್ತು ವರ್ಷ ಆಕೆ ಓದಿದ್ದು ಹೆಂಗಸರ ಚರ್ಮ. ಯಾರ ಹೊಟ್ಟೆ ಕೊಯ್ದು ಕೂಸು ತೆಗೆದಿದ್ದರು, ಯಾರ ಬೆನ್ನು ಸುಟ್ಟಿತ್ತು, ಎಲ್ಲವನ್ನೂ ಕಲೆ ಹೇಳುತ್ತಿತ್ತು. ಕಲೆ ದೊಡ್ಡದಿದ್ದರೆ ಪಟ್ಟ ಪಾಡು ದೊಡ್ಡದು, ಸಣ್ಣದಿದ್ದರೆ ಸಣ್ಣದು. ಯಾರ ಹೆಸರನ್ನೂ ಬಾಯಿ ಬಿಟ್ಟವಳಲ್ಲ, ಆದರೆ ಈ ಲೆಕ್ಕ ಆಕೆಯ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತಿತ್ತು. ಚರ್ಮದ ಒಳಗೆ ಏನಾಗಿರುತ್ತದೆ ಎಂದು ಸತ್ತವರು ಹೇಳುವುದಿಲ್ಲವಲ್ಲ.

“ನಿಂದು ದೊಡ್ಡದವ್ವ. ನೀ ಹುಷಾರಿರಬೇಕು,” ಎಂದು ಶಹಜಾದಿ ಮುದುಕಮ್ಮನಿಗೆ ಉಪದೇಶ ಮಾಡಿದಳು. “ನಂದೇನು, ಕುಡಗೋಲು ತಾಗಿದಷ್ಟು ಗಾಯ.”

ಕಾವ್ಯಾ ಅದನ್ನು ಕೇಳಿಸಿಕೊಂಡು ಸಿಟ್ಟಾದಳು. “ಇಬ್ಬರ ಒಳಗೂ ಹಾಕಿದ್ದು ಒಂದ ಸಾಮಾನು ರೀ ಯವ್ವಾ. ಗುಂಡಿನ ಸುತ್ತ ಇರೋ ಚೀಲ ಮಾಯಬೇಕು, ಸ್ನಾಯು ಬಿಗಿ ಆಗಬೇಕು. ಅಲ್ಲೀತನ ಎತ್ತರದ ಕುರ್ಚಿ ಮ್ಯಾಲ ಕುಂದ್ರಬೇಕು. ಕಾಲ ಮ್ಯಾಲ ಕಾಲ ಹಾಕಬಾರದು. ಪಾದ ಒಳಗ ತಿರಗಸಬಾರದು. ಬಾಗಿ ಕೆಳಗಿನ ವಸ್ತು ತಗೋಬಾರದು. ನಮಾಜ್ ಕುರ್ಚಿ ಮ್ಯಾಲ.” ಮುದುಕಮ್ಮ ಹೆದರಿ ಎಲ್ಲಕ್ಕೂ ಹೂಂ ಅಂದಳು. ಶಹಜಾದಿಯೂ ಹೂಂ ಅಂದಳು, ಆದರೆ ಆ ಹೂಂ ಬೇರೆ.

ಮನೆಗೆ ಬಂದ ಮೇಲೆ ಯಾಸ್ಮೀನ್ ಅತ್ತೆಯನ್ನು ಕಾವಲು ಕಾದಳು. ಯರಗೇರಾದ ನದಾಫರ ಹುಡುಗಿ ಆಕೆ, ಮೃದು ಮಾತಿನವಳು. ಹೆಣ ಎಂದರೆ ಪ್ರಾಣ ಬಿಡುವಷ್ಟು ಹೆದರಿಕೆ. ಅತ್ತೆ ಗುಸುಲ್ ಮುಗಿಸಿ ಬಂದ ದಿನ ಆಕೆಯ ಸೀರೆಯನ್ನೂ ಮುಟ್ಟುತ್ತಿರಲಿಲ್ಲ. ಆದರೂ ಕಾವ್ಯಾ ಹೇಳಿದ್ದನ್ನೆಲ್ಲ ನೆನಪಿಟ್ಟು ಮಲಗುವಾಗ ಅತ್ತೆಯ ಕಾಲುಗಳ ನಡುವೆ ದಿಂಬು ಇಡುತ್ತಿದ್ದಳು, ಕುರ್ಚಿಯ ಮೇಲೆ ಗಾದಿ ಹಾಕಿ ಎತ್ತರ ಮಾಡುತ್ತಿದ್ದಳು. ಶಹಜಾದಿ ವಾಕರ್ ಬಿಟ್ಟು ಕೋಲು ಹಿಡಿದಳು, ಕೋಲಿನಿಂದಲೇ ಎದುರು ಮನೆಗೆ ಹೋಗಿ ಮಾಬುಬೀಯ ಪಕ್ಕ ಕೂತು ಬರುವಂತಾದಳು. ಗಾಯ ಒಣಗಿ ತೆಳ್ಳನೆಯ ಗೆರೆಯಾಯಿತು. ಸೊಸೆಯ ಕೈಲಿ ಕನ್ನಡಿ ಹಿಡಿಸಿ ನೋಡಿಕೊಂಡು, “ಮಾಯ್ದೇ ಹೋತಲ್ಲಬೇ,” ಎಂದಳು.

“ಮ್ಯಾಲ ಮಾಯ್ದದ ಅತ್ತಿ.”

“ಮ್ಯಾಲ ಮಾಯ್ದ ಮ್ಯಾಲ ಒಳಗೇನು ಬ್ಯಾರೆ ಇರತದೇನು?”

ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುತ್ತಾರೆ. ಶಹಜಾದಿಯದು ಬರೀ ಆತುರವಲ್ಲ, ಎದುರು ಮನೆಯಲ್ಲಿ ಉಸಿರು ಎಣಿಸುತ್ತಿದ್ದ ಗೆಳತಿಯೊಡನೆ ಓಟ. ಮಾಬುಬೀಗೆ ಮಾತು ನಿಂತಿತ್ತು. ಶಹಜಾದಿ ಹೋದಾಗಲೆಲ್ಲ ಆಕೆಯ ಕಣ್ಣು ಮಾತ್ರ ಶಹಜಾದಿಯ ಕೋಲಿನ ಮೇಲೆ ಹೋಗಿ, ಆಮೇಲೆ ಮುಖದ ಮೇಲೆ ಬರುತ್ತಿತ್ತು. “ಮಾಡ್ತೀನಿ, ನಾನ ಮಾಡ್ತೀನಿ,” ಎಂದು ಶಹಜಾದಿ ಪ್ರತಿ ಸಲ ಹೇಳುತ್ತಿದ್ದಳು.

ಮಾಬುಬೀ ಒಂದು ಬೆಳಿಗ್ಗೆ ತೀರಿಕೊಂಡಳು. ಡಾಕ್ಟರು ಹೇಳಿದ ಅವಧಿಯ ಅರ್ಧ ಈಗಷ್ಟೇ ದಾಟಿತ್ತು. ಮಧ್ಯಾಹ್ನದ ನಮಾಜಿನ ಹೊತ್ತಿಗೆ ಶವವಿಟ್ಟ ಜನಾಜಾ ಎತ್ತುವುದೆಂದು ಗಂಡಸರು ಬೀದಿಯಲ್ಲಿ ಕುರ್ಚಿ ಹಾಕಿ ಕೂತರು. ಅಂಗಳದ ಮೂಲೆಯಲ್ಲಿ ನಾಲ್ಕೂ ಕಡೆ ಪರದೆ ಕಟ್ಟಿದರು, ಬೋರೆ ಎಲೆ ಹಾಕಿ ನೀರು ಕಾಯಿಸಿದರು, ಇಟ್ಟಿಗೆಯ ಮೇಲೆ ಹಲಗೆ ಇಟ್ಟು ಮಾಬುಬೀಯನ್ನು ಮಲಗಿಸಿದರು. ಶಹಜಾದಿ ಕೋಲೂರಿಕೊಂಡು ಬಂದಳು. ಹಿಂದೆಯೇ ಯಾಸ್ಮೀನ್, ಪರದೆಯ ಬಾಯಿಯವರೆಗೆ.

“ಅತ್ತಿ, ಬಾಗಬಾರದಂದಾರ. ಹಲಗಿ ಮಂಚದ ಮ್ಯಾಲರ ಇಡಸೋಣು. ನೀವು ನಿಂತು ಮಾಡ್ರಿ.”

“ಮಂಚದ ಮ್ಯಾಲ ನೀರು ಎಲ್ಲಿ ಹರೀಬೇಕು? ಆಕಿ ನನಗ ಹಿಂಗ ಕಲಿಸ್ಯಾಳ, ಹಿಂಗ ಮಾಡ್ತೀನಿ. ನೀ ಹೊರಗ ಹೋಗು.”

ಸೊಸೆಯ ಮಾತು ಕೇಳಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಶಹಜಾದಿ ಕೋಲನ್ನು ಗೋಡೆಗೆ ಒರಗಿಸಿ, ಮಾಬುಬೀಯ ಬಲಗಡೆ ನಿಧಾನಕ್ಕೆ ಕೆಳಗಿಳಿದಳು. ಕುಕ್ಕರಗಾಲು ಬಂತು. ನೋವಿರಲಿಲ್ಲ. ಆಕೆಯ ಮುಖ ಅರಳಿದ್ದನ್ನು ಅಲ್ಲಿದ್ದ ಹೆಂಗಸರೆಲ್ಲ ಕಂಡರು. ಬಿಸ್ಮಿಲ್ಲಾ ಎಂದು ಕೈಗೆ ಬಟ್ಟೆ ಸುತ್ತಿಕೊಂಡು, ಆಚೆ ತುದಿಯ ತಂಬಿಗೆಗೆ ಮುಂದೆ ಬಾಗಿ, ಎಡಗಾಲನ್ನು ಒಳಕ್ಕೆ ಎಳೆದುಕೊಂಡಳು.

ಒಳಗೆಲ್ಲೋ ಟಕ್ ಎಂದಿತು. ಪಕ್ಕದಲ್ಲಿದ್ದವರಿಗೂ ಕೇಳಿಸಿತು. ಶಹಜಾದಿ ಕೂಗುತ್ತ ಹಲಗೆಯ ಪಕ್ಕ ಒದ್ದೆ ನೆಲದ ಮೇಲೆ ಮಗ್ಗುಲಾಗಿ ಬಿದ್ದಳು. ಎಡಗಾಲು ಗಿಡ್ಡವಾಗಿ, ಪಾದ ಒಳಮುಖವಾಗಿ ತಿರುಗಿ ನಿಂತಿತು. ಯಾರೋ ಭುಜ ಹಿಡಿದು ಎಬ್ಬಿಸಲು ಹೋದರೆ ಆಕೆ ಕಿರುಚಿದ ದನಿಗೆ ಬೀದಿಯಲ್ಲಿದ್ದ ಗಂಡಸರು ಎದ್ದು ನಿಂತರು.

“ಮುಟ್ಟಬ್ಯಾಡ್ರಿ. ಯಾರೂ ಮುಟ್ಟಬ್ಯಾಡ್ರಿ.”

ಮುನ್ನಾ ಆಂಬುಲೆನ್ಸ್‌ಗೆ ಫೋನ್ ಮಾಡಿದ. ಅಮೀರ್ ಸಾಬ್ ಪರದೆಯ ಆಚೆ ನಿಂತು, “ಶಹಜಾದಿ, ಏನಾತು, ಹೇಳ,” ಎಂದು ಮಕ್ಕಳ ಹಾಗೆ ಕೂಗುತ್ತಿದ್ದ. ಒಳಗೆ ಬರುವಂತಿರಲಿಲ್ಲ. ಗಾಡಿ ಬಂದಿತು, ಸ್ಟ್ರೆಚರ್ ಹಿಡಿದ ಇಬ್ಬರು ಗಂಡಸರೂ ಬಂದರು. ಅವರೂ ಒಳಗೆ ಬರುವಂತಿರಲಿಲ್ಲ. ಪರದೆಯೊಳಗೆ ಮಾಬುಬೀ ಬಟ್ಟೆಯಿಲ್ಲದೆ, ಮೇಲೊಂದು ತೆಳು ಚಾದರ ಮಾತ್ರ ಹೊದ್ದು ಮಲಗಿದ್ದಳು. ಆಕೆಯನ್ನು ಹಲಗೆ ಸಮೇತ ಎತ್ತಿ ಇನ್ನೊಂದೆಡೆ ಇಡೋಣವೆಂದರೆ ಹಲಗೆಗೂ ಗೋಡೆಗೂ ನಡುವಿನ ಇಕ್ಕಟ್ಟಿನಲ್ಲಿ ಶಹಜಾದಿ ಬಿದ್ದಿದ್ದಳು. ಹಲಗೆ ಕದಲಿಸಿದರೆ ಆಕೆಯ ಕಾಲಿಗೇ ತಾಗುತ್ತಿತ್ತು. ಗುಸುಲ್ ಮುಗಿಯಬೇಕು, ಕಫನ್ ಉಡಿಸಬೇಕು, ಆಮೇಲೇ ಗಂಡಸರು ಒಳಗೆ. ಗುಸುಲ್ ಮಾಡಿಸಬಲ್ಲವರು ಓಣಿಯಲ್ಲಿ ಇದ್ದದ್ದು ಇಬ್ಬರೇ. ಒಬ್ಬಳು ಹಲಗೆಯ ಮೇಲೆ ಮಲಗಿದ್ದಳು, ಇನ್ನೊಬ್ಬಳು ಹಲಗೆಯ ಪಕ್ಕದ ನೆಲದಲ್ಲಿ.

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಮಾಬುಬೀಯ ಮಗಳು ಗೋಡೆ ಹಿಡಿದು ಅಳುತ್ತಿದ್ದಳು. ಪರದೆ ಸರಿಸಿ ಒಳಗೆ ಬಂದವಳು ಯಾಸ್ಮೀನ್. ತುಟಿ ಬಿಳುಚಿಕೊಂಡಿತ್ತು. ಸೆರಗು ಸೊಂಟಕ್ಕೆ ಬಿಗಿದು, ಅತ್ತೆಯ ಕೈಯಿಂದ ಒದ್ದೆ ಬಟ್ಟೆ ಬಿಚ್ಚಿ ತನ್ನ ಕೈಗೆ ಸುತ್ತಿಕೊಂಡಳು.

“ಹೇಳ್ರಿ ಅತ್ತಿ. ನೀವು ಹೇಳ್ರಿ, ನಾ ಮಾಡ್ತೀನಿ.”

ಶಹಜಾದಿ ಹಲ್ಲು ಕಚ್ಚಿ ಹೇಳತೊಡಗಿದಳು. ಚಾದರ ತೆಗೆಯದೆ ಒಳಗೆ ಕೈ ಹಾಕು. ಮೊದಲು ಕೆಳಗೆ ಶುದ್ಧ ಮಾಡು. ಬಟ್ಟೆ ಬದಲಿಸು. ಈಗ ಮುಖ. ಮೆಲ್ಲಗೆ, ಮೂಗಿನೊಳಗೆ ನೀರು ಹೋಗಬಾರದು. ಒಂದು ಮಾತಿಗೂ ಇನ್ನೊಂದು ಮಾತಿಗೂ ನಡುವೆ ನೋವು ಬಂದು ಆಕೆಯ ಉಸಿರು ಕಟ್ಟುತ್ತಿತ್ತು. ಯಾಸ್ಮೀನ್ ತಂಬಿಗೆ ಹಿಡಿದು ಕಾಯುತ್ತಿದ್ದಳು. ತನ್ನ ಮಾತು ಮುರಿದುಬಿತ್ತು ಎಂಬುದು ಶಹಜಾದಿಗೆ ಆ ಸೊಂಟಕ್ಕಿಂತ ಹೆಚ್ಚು ನೋಯುತ್ತಿತ್ತು. ನಿನ್ನ ಕೈಲೆ ಆಗಬೇಕು ಎಂದಿದ್ದಳು ಮಾಬುಬೀ. ಕೆಳಗೆ ಬಿದ್ದವಳಿಗೆ ಆಕೆಯ ಮುಖವೂ ಕಾಣುತ್ತಿರಲಿಲ್ಲ, ಕಾಣುತ್ತಿದ್ದದ್ದು ಹಲಗೆಯ ಅಂಚು, ಅಲ್ಲಿಂದ ತೊಟ್ಟಿಕ್ಕುವ ನೀರು.

“ಮುಖ ಆತು ಅತ್ತಿ.”

“ಈಗ ಬಲಗೈ. ಮೊಣಕೈ ತನಕ.”

ಯಾಸ್ಮೀನ್ ಆ ಕೈಯನ್ನು ಎತ್ತಿದಳು. ಒದ್ದೆಯಾಗಿತ್ತು, ಭಾರವಾಗಿತ್ತು. ಕೈ ಜಾರಿ ಹಲಗೆಯ ಅಂಚು ದಾಟಿ ಕೆಳಗೆ ಬಂದು ಶಹಜಾದಿಯ ಎದೆಯ ಮೇಲೆ ಬಿತ್ತು. ಹೆಂಗಸರು ಹಾ ಎಂದರು. ಯಾಸ್ಮೀನ್ ಗಾಬರಿಯಿಂದ ಎಳೆದುಕೊಳ್ಳಲು ಬಾಗಿದಾಗ ಶಹಜಾದಿ ಎರಡೂ ಕೈಯಿಂದ ಅದನ್ನು ಹಿಡಿದುಕೊಂಡಿದ್ದಳು. ಗಾದಿ ಹೊಲಿದು ಹೊಲಿದು ತೋರುಬೆರಳಿನ ತುದಿ ಗಟ್ಟಿಯಾಗಿದ್ದ ಕೈ ಅದು.

“ಇರಲಿ. ನೀರು ಹಾಕು,” ಎಂದಳು.

ಯಾಸ್ಮೀನ್ ಮೇಲಿನಿಂದ ನೀರು ಹಾಕಿದಳು. ಮಲಗಿದಲ್ಲೇ, ಕತ್ತು ಎತ್ತಲಾರದೆ, ಶಹಜಾದಿ ಮಾಬುಬೀಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ತೊಳೆದಳು. ಅಂಗೈ ತೊಳೆದಳು, ಮಣಿಕಟ್ಟು ತೊಳೆದಳು, ಮೊಣಕೈವರೆಗೂ ಹೋದಳು. ಮೂರು ಸಲ. ನೀರು ಆಕೆಯ ಎದೆ, ಕುತ್ತಿಗೆಯ ಮೇಲೆ ಹರಿದು ನೆಲಕ್ಕೆ ಹೋಯಿತು. ಆಮೇಲೆ ಆ ಕೈಯನ್ನು ಎತ್ತಿ ಸೊಸೆಗೆ ಕೊಟ್ಟು, “ಈಗ ಎಡಗೈ,” ಎಂದಳು.

ಗುಸುಲ್ ಮುಗಿಯಿತು, ಕಫನ್ ಉಡಿಸಿದರು. ಪರದೆ ತೆಗೆದಾಗ ಗಂಡಸರು ಎರಡು ಕಡೆಯಿಂದ ಬಂದರು. ಕೆಲವರು ಮಾಬುಬೀಯನ್ನು ಎತ್ತಿಕೊಂಡು ಮಸೀದಿಯ ಕಡೆ ಹೋದರು, ಇಬ್ಬರು ಶಹಜಾದಿಯನ್ನು ಎತ್ತಿಕೊಂಡು ರಾಯಚೂರಿನ ಕಡೆ ಹೊರಟರು.

ಆಸ್ಪತ್ರೆಯಲ್ಲಿ ಅರಿವಳಿಕೆ ಕೊಟ್ಟು, ಕೊಯ್ಯದೆಯೇ ಕಾಲು ಎಳೆದು ಗುಂಡನ್ನು ಬಟ್ಟಲಿಗೆ ಕೂರಿಸಿದರು. ಎಚ್ಚರವಾದ ಮೇಲೆ ಡಾಕ್ಟರು ಬಂದರು. ಬೈಯುತ್ತಾರೆಂದು ಆಕೆ ಕಾದಳು. ಅವರು ಬೈಯಲಿಲ್ಲ, ಕುರ್ಚಿ ಎಳೆದುಕೊಂಡು ಕೂತರು. “ಗುಂಡಿನ ಸುತ್ತಲಿನ ಚೀಲ ಇನ್ನೂ ಹಸಿ ಅದ ಯವ್ವಾ. ಅದು ಮಾಯೋದು ಕಣ್ಣಿಗೆ ಕಾಣಂಗಿಲ್ಲ. ಈ ಸಲ ಎಲುಬು ಮುರೀಲಿಲ್ಲ, ನಸೀಬು. ಇದು ಘಳಿಗಿ ಘಳಿಗಿಗೆ ಜಾರಿದ್ರ ಮತ್ತ ಕೊಯ್ಯಬೇಕಾಗತದ, ಆಗ ನಾಲ್ಕು ಬೆರಳಿಗೆ ಮುಗಿಯಂಗಿಲ್ಲ.” ಸೊಂಟಕ್ಕೆ ಬೆಲ್ಟು ಹಾಕಿಸಿದರು. ನಡೆಯಬಹುದು, ಕುರ್ಚಿಯ ಮೇಲೆ ನಮಾಜು ಮಾಡಬಹುದು, ಬಜಾರಿಗೆ ಹೋಗಬಹುದು. ನೆಲಕ್ಕಿಳಿದು ಗುಸುಲ್ ಮಾಡಿಸುವುದು ಮಾತ್ರ ಈ ಜನ್ಮಕ್ಕೆ ಮುಗಿಯಿತು. ಈ ಸಲ ಶಹಜಾದಿ ಚೌಕಾಸಿ ಮಾಡಲಿಲ್ಲ.

ಡಾಕ್ಟರು ಹೋದ ಮೇಲೆ ಯಾಸ್ಮೀನ್ ಹತ್ತಿರ ಬಂದು ಕಾಲುಗಳ ನಡುವಿನ ದಿಂಬು ಸರಿಮಾಡಿದಳು. ಶಹಜಾದಿ ಸೂರು ನೋಡುತ್ತಿದ್ದಳು.

“ಆಕೀಗೆ ಮಾತು ಕೊಟ್ಟಿದ್ದೆ ಯಾಸ್ಮೀನ್. ಈ ಸೊಂಟ ಕೊಯ್ಸಿಕೊಂಡದ್ದ ಅದಕ್ಕ. ಕಡೀಕ ಎಲ್ಲಾ ನೀನ ಮಾಡಿದಿ. ನಾ ಒಂದು ಕೈ ಹಿಡಕೊಂಡು ಬಿದ್ದಿದ್ದೆ. ನಾಳೆ ನಾನೂ ಸತ್ತ ಮ್ಯಾಲ ಆಕಿ ಮುಂದ ಹ್ಯಾಂಗ ನಿಂದ್ರಲಿ?”

ಯಾಸ್ಮೀನ್ ಅತ್ತೆಯ ಕಣ್ಣು ನೋಡದೆ, ಚಾದರದ ಮಡಿಕೆ ಎಳೆಯುತ್ತ ಹೇಳಿದಳು.

“ನೀವು ಹಿಡಕೊಂಡ ಮ್ಯಾಲ ಆ ಕೈ ನಿಮ್ಮ ಪಾಲಿಂದು ಅಂತ ಬಿಟ್ಟೆ ಅತ್ತಿ. ಆಮ್ಯಾಲ ಬಲಗಡೆ ಎಲ್ಲಾ ತೊಳದೆ, ಆ ಕೈ ಮುಟ್ಟಲಿಲ್ಲ. ಅದರ ಮ್ಯಾಲ ಒಂದು ತಂಬಿಗಿ ನೀರೂ ಹಾಕಲಿಲ್ಲ. ನೀವು ತೊಳದದ್ದ ಕಡೀದು. ಮೈ ಮ್ಯಾಲ ಕೂದಲಷ್ಟು ಜಾಗ ಒಣಾ ಉಳದ್ರೂ ಗುಸುಲ್ ಆಗಂಗಿಲ್ಲ ಅಂತಾರಲ್ಲ. ನೀವು ಆ ಕೈ ತೊಳೀದಿದ್ರ ಮಾಬುಬೀ ಅಮ್ಮಂದು ಆಗತಿರಲಿಲ್ಲ.”

ಶಹಜಾದಿ ಬೇಗಂ ಸೊಸೆಯನ್ನೇ ನೋಡಿದಳು. ಆಮೇಲೆ ಮಾಬುಬೀ ಸತ್ತದ್ದಕ್ಕೆ, ಆ ದಿನದಲ್ಲಿ ಮೊದಲ ಸಲ, ಬಾಯಿಬಿಟ್ಟು ಅತ್ತಳು.